ಋತುಸಂಧಿಯ ಹದಿನಾಲ್ಕು ದಿನ

ನನ್ನ ಅಕ್ಷರ ಚೆನ್ನಾಗಿಲ್ಲ, ಮೊದಲೇ ಕ್ಷಮೆ ಕೇಳುತ್ತೇನೆ. ಒಂಬತ್ತನೇ ತರಗತಿಯ ನಡುವೆ ಶಾಲೆ ಬಿಟ್ಟವಳು. ಮಾತು ಜೋಡಿಸುವುದೂ ಸರಿಯಾಗಿ ಬರುವುದಿಲ್ಲ. ತಪ್ಪಾಗಬಾರದೆಂದು ಬಿಶೇಶ್ವರಿ ಬೋಡಿಯನ್ನು ಎರಡೆರಡು ಸಲ ಕೇಳಿ ಬರೆದಿದ್ದೇನೆ. ನಮ್ಮ ಗಲ್ಲಿಯ ಮಕ್ಕಳಿಗೆಲ್ಲ ಅವಳು ಬೋಡಿ, ಅಂದರೆ ದೊಡ್ಡಮ್ಮ. ಇದರಲ್ಲಿ ಬರುವ ಮಕಾನಿ ನನ್ನ ತಾಯಿ. ಆದರೂ ಹೆಸರು ಹಿಡಿದೇ ಬರೆಯುತ್ತೇನೆ. ಅಮ್ಮ ಎಂದು ಬರೆಯಲು ಹೋದರೆ ಕೈ ಅಲ್ಲೇ ನಿಂತುಬಿಡುತ್ತದೆ.

ಬಿಶೇಶ್ವರಿ ಟಿಹರಿಯ ಬೆಟ್ಟದ ಮೇಲಿನ ಹಳ್ಳಿಯಿಂದ ಮದುವೆಯಾಗಿ ನಮ್ಮೂರು ಮುನಿ ಕಿ ರೇತಿಗೆ ಬಂದವಳು. ಗಂಡ ಬೇಗ ತೀರಿಕೊಂಡ. ಹೊಟ್ಟೆಪಾಡಿಗೆ ಗಂಗೆಯ ದಡದ ಒಂದು ಸಣ್ಣ ಆಶ್ರಮದಲ್ಲಿ ಕೆಲಸಕ್ಕೆ ಸೇರಿದಳು. ಚಾಪೆ ಕೊಡವುವುದು, ಮೂಗು ತೊಳೆಯುವ ನೇತಿ ಗಿಂಡಿಗಳನ್ನು ಉಜ್ಜುವುದು, ಅವುಗಳಿಗೆ ಉಪ್ಪುನೀರು ಕಾಯಿಸಿ ತರುವುದು ಅವಳ ಕೆಲಸ. ಮೂವತ್ತೊಂದು ವರ್ಷ ಅದನ್ನೇ ಮಾಡಿದಳು. ಆಗಿದ್ದ ದೊಡ್ಡ ಮಹಾರಾಜರು ಋತು ಬದಲಾದಾಗಲೆಲ್ಲ ಶಿಷ್ಯರನ್ನು ಕೂರಿಸಿಕೊಂಡು ಪಾಠ ಹೇಳುತ್ತಿದ್ದರು. ಬಿಶೇಶ್ವರಿ ಬಕೆಟ್ಟು ಕೆಳಗಿಟ್ಟು ಬಾಗಿಲ ಹೊರಗೆ ನಿಂತು ಕೇಳುತ್ತಿದ್ದಳು. ಬೇಸಿಗೆಗೆ ಶೀತಲಿ, ನಾಲಿಗೆಯನ್ನು ಕೊಳವೆಯಂತೆ ಮಡಚಿ ತಣ್ಣಗೆ ಉಸಿರೆಳೆಯುವುದು. ಚಳಿಗೆ ಭಸ್ತ್ರಿಕಾ, ಕಮ್ಮಾರನ ತಿದಿಯ ಹಾಗೆ ಉಸಿರನ್ನು ರಭಸವಾಗಿ ಎಳೆದು ಬಿಡುವುದು. ಮಳೆಗಾಲಕ್ಕೆ ಮೈ ಬಳಲಿಸದ ಆಸನ, ಹೆಚ್ಚು ಹೊತ್ತಿನ ಧ್ಯಾನ. ಹೋಗುವ ಋತುವಿನ ಕೊನೆಯ ಏಳು ದಿನ, ಬರುವ ಋತುವಿನ ಮೊದಲ ಏಳು ದಿನ ಸೇರಿ ಋತುಸಂಧಿ. ಆ ಹದಿನಾಲ್ಕು ದಿನಗಳಲ್ಲಿ ಹಳೆಯ ಅಭ್ಯಾಸವನ್ನು ಸ್ವಲ್ಪ ಸ್ವಲ್ಪ ಬಿಡುತ್ತ ಹೊಸದನ್ನು ಸ್ವಲ್ಪ ಸ್ವಲ್ಪ ಹಿಡಿಯಬೇಕು. ಆಗ ಮೈ ಮನೆ ಬದಲಿಸುತ್ತಿರುತ್ತದೆ. ಕೆಮ್ಮು, ಸುಸ್ತು ಬಂದರೆ ಗಾಬರಿಯಾಗಿ ಮದ್ದಿಗೆ ಓಡಬಾರದು. ಇಷ್ಟನ್ನು ಅವಳು ಬಾಯಿಪಾಠ ಮಾಡಿಕೊಂಡಿದ್ದಳು.

ಗಲ್ಲಿಯ ಹೆಂಗಸರು ಕೇಳಿಕೊಂಡರೆಂದು ತನ್ನ ಮನೆಯ ತಾರಸಿಯ ಮೇಲೆ ಬೆಳಗಿನ ಐದಕ್ಕೆ ಹೇಳಿಕೊಡತೊಡಗಿದಳು. ಹನ್ನೊಂದು ಜನ ಬರುತ್ತಿದ್ದರು. ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಗೋಧಿ ಚೀಲ ಬಿಚ್ಚಿ ಹೊಲಿದ ಚಾಪೆಗಳ ಮೇಲೆ ಎಲ್ಲರೂ ಕೂರುತ್ತಿದ್ದರು. ಚಹಾ ಅಂಗಡಿಯ ಸೋಬತಿ ಮಾತ್ರ ಒಂದು ದಿನವೂ ಸುಮ್ಮನೆ ಕೂತವಳಲ್ಲ.

"ದೀದಿ, ನಾಲಿಗೆ ಮಡಚೋದು ನಂಗೆ ಬರಲ್ಲ. ಬಿಚ್ಚೋದು ಮಾತ್ರ ಗೊತ್ತು."

"ಅದು ಗೊತ್ತಿರೋದಕ್ಕೇ ನಿಮ್ಮತ್ತೆ ಹರಿದ್ವಾರ ಸೇರಿದ್ದು. ಬಾಯಿ ಮುಚ್ಕೊಂಡು ಮೂಗಲ್ಲಿ ಉಸಿರಾಡು."

ಎಲ್ಲರೂ ನಗುತ್ತಿದ್ದರು. ಮಕಾನಿಯ ನಗು ಎಲ್ಲಕ್ಕಿಂತ ಜೋರು. ಅವಳು ಪ್ರವಾಸಿಗರ ವಸತಿಗೃಹವೊಂದರಲ್ಲಿ ಹಾಸಿಗೆ ಬಟ್ಟೆ ಒಗೆಯುತ್ತಿದ್ದಳು. ಒದ್ದೆ ಬಟ್ಟೆಯ ಬುಟ್ಟಿ ಹೊತ್ತು ನಾಲ್ಕು ಮಹಡಿ ಹತ್ತಿ ಒಣಗಿಸಬೇಕಿತ್ತು. ಗಂಡ ಯಾತ್ರೆಯ ಜೀಪು ಓಡಿಸುವವನು, ಚಳಿಗಾಲ ಬಿಟ್ಟರೆ ಮನೆಯಲ್ಲಿ ಇರುತ್ತಿರಲಿಲ್ಲ. ಒಬ್ಬಳೇ ಮಗಳು. ಬಿಶೇಶ್ವರಿಗೆ ಮಕಾನಿ ಒಡಹುಟ್ಟಿದವಳಂತೆ, ಭುಲಿ, ಅಂದರೆ ತಂಗಿ, ಎಂದೇ ಕರೆಯುತ್ತಿದ್ದಳು. ಒಬ್ಬರ ಮನೆಯ ಬೇಳೆ ಇನ್ನೊಬ್ಬರ ಒಲೆಯ ಮೇಲೆ ಬೇಯುತ್ತಿತ್ತು.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಮಕಾನಿ ಅಭ್ಯಾಸದ ನಡುವೆ ಎದೆ ಹಿಡಿದುಕೊಂಡಳು.

"ದೀದಿ, ಮೆಟ್ಟಿಲು ಹತ್ತಿದ್ರೆ ಉಸಿರು ಸಾಲಲ್ಲ. ಎದೇಲಿ ಯಾರೋ ಬಾಗಿಲು ಬಡಿದ ಹಾಗಾಗುತ್ತೆ."

ಬಿಶೇಶ್ವರಿ ಬೆರಳು ಮಡಚಿ ಲೆಕ್ಕ ಹಾಕಿದಳು. ಶರದೃತುವಿಗೆ ಇನ್ನು ಐದು ದಿನ.

"ಸಂಧಿ ಅಲ್ವೇನೇ ಭುಲಿ. ಹದಿನಾಲ್ಕು ದಿನ ಕಳೀಲಿ. ತಾನೇ ಹೋಗುತ್ತೆ."

ಹದಿನಾಲ್ಕು ದಿನ ಕಳೆದ ಮೇಲೆ ನಿಜವಾಗಿಯೂ ಸ್ವಲ್ಪ ಹಗುರವಾಯಿತು. ವಸತಿಗೃಹದಲ್ಲಿ ಆಗ ಜನ ಕಡಿಮೆ, ಮೆಟ್ಟಿಲು ಹತ್ತುವುದೂ ಕಡಿಮೆ. ಆದರೆ ಬಿಶೇಶ್ವರಿ ಅದನ್ನು ಯೋಚಿಸಲಿಲ್ಲ. ಸಂಧಿ ಕಳೆಯಿತು, ಮೈ ಹೊಂದಿಕೊಂಡಿತು ಎಂದುಕೊಂಡಳು. ಹೇಮಂತ ಬರುವಾಗ ಮತ್ತೆ ಏದುಸಿರು, ಅದಕ್ಕೂ ಸಂಧಿಯೇ ಕಾರಣವಾಯಿತು. ಚಳಿಯಲ್ಲಿ ಕಫ ಕಟ್ಟಿದೆಯೆಂದು ಭಸ್ತ್ರಿಕಾವನ್ನು ಐವತ್ತರಿಂದ ನೂರಕ್ಕೆ ಏರಿಸಿದಳು. ಉಸಿರು ಬಿಗಿಹಿಡಿಸಿ ಕೂರಿಸಿದಳು. ಮಕಾನಿಯ ತುಟಿ ನೀಲಿಗಟ್ಟುವುದನ್ನು ನೋಡಿದ್ದಳು, ಗಂಗೆಯ ಕಡೆಯಿಂದ ಬರುವ ಗಾಳಿಯ ಚಳಿಗೆ ಎಂದುಕೊಂಡಿದ್ದಳು. ಶಿಶಿರ ಕಳೆಯಿತು. ವಸಂತದಲ್ಲಿ ಪಾದ ಊದಿದವು. ನೀರಲ್ಲಿ ನಿಂತು ಬಟ್ಟೆ ಒಗೆಯುವವಳಲ್ಲವೇ, ಊದದೆ ಇರುತ್ತದೆಯೇ ಎಂದಳು. ಪ್ರತಿ ಎರಡು ತಿಂಗಳಿಗೊಮ್ಮೆ ಒಂದು ಸಂಧಿ ಬರುತ್ತಲೇ ಇತ್ತು, ಕಾಯುವುದಕ್ಕೆ ಹದಿನಾಲ್ಕು ದಿನ ಸಿಗುತ್ತಲೇ ಇತ್ತು.

ಒಮ್ಮೆ ಮಕಾನಿಯ ಮಗಳು ಬಾಗಿಲಲ್ಲಿ ನಿಂತು ಕೇಳಿದಳು. "ಬೋಡಿ, ಅಮ್ಮ ಮಲಗಿದ್ರೆ ಉಸಿರು ಕಟ್ಟುತ್ತೆ ಅಂತ ಕೂತೇ ನಿದ್ದೆ ಮಾಡ್ತಾಳೆ. ಡಾಕ್ಟರಿಗೆ ತೋರಿಸೋಣ್ವಾ?"

"ಕೂತು ನಿದ್ದೆ ಮಾಡೋರನ್ನ ನಾನು ಆಶ್ರಮದಲ್ಲಿ ಎಷ್ಟು ಜನಾನ ನೋಡಿಲ್ಲ. ಈ ಸಂಧಿ ಒಂದು ಕಳೀಲಿ ಕಣೇ. ಆಮೇಲೆ ನಾನೇ ಕರ್ಕೊಂಡು ಹೋಗ್ತೀನಿ."

ಮಗಳು ಮರುಮಾತಾಡದೆ ಹೋದಳು. ಆ ಮಾತು ಆಡಿದ ದಿನ, ಹೊತ್ತು, ಆಗ ತಾನು ರೊಟ್ಟಿಯ ಹಿಟ್ಟು ನಾದುತ್ತಿದ್ದುದು, ಎಲ್ಲವೂ ಬಿಶೇಶ್ವರಿಗೆ ಇಂದಿಗೂ ನೆನಪಿದೆ.

ಈ ವರ್ಷದ ಮಳೆಗಾಲ ಮುಗಿಯುವ ಮೊದಲೇ ಮಕಾನಿ ಮೂರನೇ ಮಹಡಿಯ ಮೆಟ್ಟಿಲ ಮೇಲೆ ಕುಸಿದಳು. ಒದ್ದೆ ಬಟ್ಟೆಯೆಲ್ಲ ಕೆಳಗಿನ ಮಹಡಿಯವರೆಗೆ ಚೆಲ್ಲಿತ್ತು. ಬಾಯಿಂದ ಗುಲಾಬಿ ಬಣ್ಣದ ನೊರೆ ಬರುತ್ತಿತ್ತು. ಡೆಹ್ರಾಡೂನಿನ ದೊಡ್ಡ ಆಸ್ಪತ್ರೆಗೆ ಸೇರಿಸಿದರು. ಹೃದಯದ ಕವಾಟವೊಂದು ಮುದುಡಿ ಗಟ್ಟಿಯಾಗಿದೆ, ಚಿಕ್ಕಂದಿನಲ್ಲಿ ಬಂದ ಜ್ವರದ ಫಲ ಎಂದು ಡಾಕ್ಟರಮ್ಮ ಹೇಳಿದಳು. ಬಿಶೇಶ್ವರಿ ಗೋಡೆಗೆ ಒರಗಿ ನಿಂತು ಕೇಳಿದಳು.

"ಒಂದು ವರ್ಷ ಮೊದಲು ಬಂದಿದ್ರೆ ಬಲೂನ್ ಹಾಕಿ ಬಿಡಿಸೋದನ್ನಾದ್ರೂ ನೋಡಬಹುದಿತ್ತು. ಈಗ ಶ್ವಾಸಕೋಶಾನೂ ಹಾಳಾಗಿದೆ. ಆಪರೇಷನ್ ಟೇಬಲ್ ಮೇಲೇ ಹೋಗಿಬಿಡ್ತಾರೆ. ಇಷ್ಟು ದಿನ ಯಾಕೆ ಕರ್ಕೊಂಡು ಬರ್ಲಿಲ್ಲ?"

ಬಿಶೇಶ್ವರಿ ಬಾಯಿ ತೆರೆದಳು. ಋತುಸಂಧಿ ಎಂಬ ಮಾತು ಆ ಬಿಳಿ ಗೋಡೆಗಳ ನಡುವೆ ಹೊರಗೆ ಬರಲಿಲ್ಲ.

ಊರಿಗೆ ಬಂದವಳು ನೇರವಾಗಿ ಆಶ್ರಮಕ್ಕೆ ಹೋದಳು. ದೊಡ್ಡ ಮಹಾರಾಜರು ತೀರಿಕೊಂಡು ಎಂಟು ವರ್ಷ. ಈಗ ಪಾಠ ಹೇಳುವವರು ಅವರ ಶಿಷ್ಯರಾದ ಆಚಾರ್ಯ ಗುಣಾನಂದರು. ಅವರ ಮುಂದೆ ನೆಲದ ಮೇಲೆ ಕೂತು ನಡೆದದ್ದನ್ನೆಲ್ಲ ಹೇಳಿದಳು.

"ಆಚಾರ್ಯಜೀ, ಮಹಾರಾಜ್‌ಜೀ ಹೇಳಿದ್ದನ್ನೇ ಹೇಳಿದ್ದೀನಿ. ಒಂದು ಮಾತೂ ನನ್ನದಲ್ಲ."

ಆಚಾರ್ಯರು ಮೆಲ್ಲಗೆ ಕೇಳಿದರು.

"ಸಂಧಿಯ ಪಾಠ ಆದಮೇಲೆ ಅವರು ಇನ್ನೊಂದು ಹೇಳ್ತಿದ್ರಲ್ಲ, ಕೇಳಿಸ್ಕೊಂಡಿಲ್ವಾ? ಕಾಲು ಊದಿದವರನ್ನ, ಎದೆ ಬಡಿತ ತಪ್ಪಿದವರನ್ನ ಉಸಿರಿನ ಅಭ್ಯಾಸಕ್ಕೆ ಕೂರಿಸಬೇಡಿ, ಮೊದಲು ವೈದ್ಯರ ಹತ್ರ ಕಳಿಸಿ ಅಂತ. ಪ್ರತಿ ಸಲಾನೂ ಹೇಳ್ತಿದ್ರು. ಅದನ್ನ ಹೇಳಿಯೇ ಎಲ್ಲರನ್ನೂ ನೇತಿಗೆ ಎಬ್ಬಿಸ್ತಿದ್ದಿದ್ದು."

ಎಲ್ಲರೂ ನೇತಿಗೆ ಏಳುವ ಹೊತ್ತಿಗೆ ಉಪ್ಪುನೀರು ಬೆಚ್ಚಗೆ ಸಿದ್ಧವಾಗಿರಬೇಕಿತ್ತು. ಅದಕ್ಕೆ ಪಾಠ ಮುಗಿಯುವ ಮೊದಲೇ ಬಿಶೇಶ್ವರಿ ಬಕೆಟ್ಟು ಎತ್ತಿಕೊಂಡು ಅಡುಗೆಮನೆಗೆ ಓಡುತ್ತಿದ್ದಳು. ಮೂವತ್ತೊಂದು ವರ್ಷವೂ ಪ್ರತಿ ಋತುವಿಗೂ ಓಡಿದ್ದಳು.

"ಆ ಹೊತ್ತಿಗೆ ನಾನು ನೀರು ಕಾಯಿಸ್ತಿದ್ದೆ," ಎಂದಳು.

ಆಚಾರ್ಯರು ಅವಳನ್ನು ಬಯ್ಯಲಿಲ್ಲ. ಬೈದಿದ್ದರೆ ಅಳಬಹುದಿತ್ತು ಎಂದು ಆಮೇಲೆ ಹೇಳಿದಳು.

ಮರುದಿನದಿಂದ ತಾರಸಿಯ ಬಾಗಿಲಿಗೆ ಅಗುಳಿ ಬಿತ್ತು. ಹೆಂಗಸರು ಕೆಳಗೆ ನಿಂತು ಕೂಗಿದರು. ಸೋಬತಿ ಚಹಾದ ಲೋಟ ಹಿಡಿದು ಮೇಲೆ ಬಂದಳು.

"ನೀನೇನು ದೇವರಾ ದೀದಿ, ಎದೆಯೊಳಗಿಂದು ಕಾಣೋಕೆ? ನಂಗೆ ನಿದ್ದೆ ಬರೋ ಹಾಗೆ ಮಾಡಿದ್ದು ನೀನೇ ಅಲ್ವಾ?"

"ನಿಂಗೆ ಬಂದಿದ್ದು ನಿದ್ದೆ. ಅವಳಿಗೆ ಬರ್ತಿರೋದು ಏನು ಗೊತ್ತಾ?"

ಸೋಬತಿ ಲೋಟ ಅಲ್ಲೇ ಇಟ್ಟು ಇಳಿದು ಹೋದಳು.

ಆಸ್ಪತ್ರೆಯವರು ಮಾತ್ರೆ ಬರೆದುಕೊಟ್ಟು ಮಕಾನಿಯನ್ನು ಮನೆಗೆ ಕಳಿಸಿದರು. ಡಾಕ್ಟರು ಹೇಳಿದ್ದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಗಂಡನಿಗೆ ಧೈರ್ಯ ಬರಲಿಲ್ಲ. ಮಗಳು ನೀರು ಕೊಡುತ್ತ, ಬೆನ್ನಿಗೆ ದಿಂಬು ಇಡುತ್ತ ಸುಮ್ಮನಿದ್ದಳು. ಬಿಶೇಶ್ವರಿ ನಾಲ್ಕು ದಿನ ಬಾಗಿಲ ತನಕ ಬಂದು ಹಿಂದಿರುಗಿದಳು. ಐದನೆಯ ದಿನ ಮಧ್ಯಾಹ್ನ ಒಳಗೆ ಬಂದು ಮಂಚದ ಪಕ್ಕ ಕೂತಳು. ಮಕಾನಿ ಅವಳ ಕೈ ಹಿಡಿದುಕೊಂಡಳು. ಒಂದೊಂದು ಮಾತಿಗೂ ನಿಲ್ಲಬೇಕಾಗುತ್ತಿತ್ತು.

"ದೀದಿ… ಶರತ್ಕಾಲ ಬರ್ತಿದೆ. ಇದೂ ಸಂಧಿ ತಾನೇ? ಹದಿನಾಲ್ಕು ದಿನ… ತಡ್ಕೊಂಡ್ರೆ ಆಯ್ತು ಅಲ್ವಾ? ಇವರಿಗೆ ಹೇಳು. ಎಲ್ಲಾ ಹೆದರ್ಕೊಂಡು ಕೂತಿದ್ದಾರೆ."

ಹೌದು ಎಂದಿದ್ದರೆ ಮಕಾನಿ ನೆಮ್ಮದಿಯಿಂದ ಕಾಯುತ್ತಿದ್ದಳು. ಹೌದು ಎನ್ನುವ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ಆ ಮಾತನ್ನು ಆರು ಸಲ ಹೇಳಿಯಾಗಿತ್ತು. ಏಳನೆಯ ಸಲ ಹೇಳಲು ಬಿಶೇಶ್ವರಿಯಿಂದ ಆಗಲಿಲ್ಲ.

"ಅಲ್ಲ ಭುಲಿ. ಇದು ಸಂಧಿ ಅಲ್ಲ. ಮೊದಲನೇ ಸಲಾನೂ ಆಗಿರ್ಲಿಲ್ಲ. ನಾನು ಅರ್ಧ ಪಾಠ ಕಲ್ತು ನಿನ್ನ ಕೂರಿಸಿದೆ. ಆವಾಗ್ಲೇ ಕರ್ಕೊಂಡು ಹೋಗಿದ್ರೆ ಉಳೀತಿದ್ಯೇನೋ."

ಮಕಾನಿ ಅವಳ ಮುಖ ನೋಡಿದಳು. ಆಮೇಲೆ ಮೆಲ್ಲಗೆ ಕೈ ಬಿಡಿಸಿಕೊಂಡು ಗೋಡೆಯ ಕಡೆಗೆ ತಿರುಗಿದಳು. ತಿರುಗಿದ ಶ್ರಮಕ್ಕೆ ಉಸಿರು ಕಟ್ಟಿತು. ಮಗಳು ಬಂದು ಎತ್ತಿ ಕೂರಿಸಿದಳು. ಬಿಶೇಶ್ವರಿ ನೆರವಿಗೆ ಚಾಚಿದ ಕೈಯನ್ನು ಮಕಾನಿ ಮೊಣಕೈಯಿಂದ ತಳ್ಳಿದಳು.

ಅಂದಿನಿಂದ ಮಕಾನಿ ಅವಳೊಡನೆ ಮಾತಾಡಿಲ್ಲ. ಬಿಶೇಶ್ವರಿ ದಿನವೂ ಬರುತ್ತಾಳೆ. ಒಳಗೆ ಕಾಲಿಡುವುದಿಲ್ಲ, ಹೊಸ್ತಿಲಾಚೆ ಕೂರುತ್ತಾಳೆ. ಒಳಗಿನ ಉಸಿರಿನ ಸದ್ದು ಅಲ್ಲಿಗೆ ಕೇಳಿಸುತ್ತದೆ. ಅದು ತಡವರಿಸಿದಾಗ ಅವಳ ಬೆನ್ನು ತಾನಾಗಿ ಸೆಟೆದು ನಿಲ್ಲುತ್ತದೆ, ಮತ್ತೆ ನಡೆದಾಗ ಬಾಗುತ್ತದೆ. ಮೂವತ್ತೊಂದು ವರ್ಷ ಕಲಿತ ವಿದ್ಯೆಯಲ್ಲಿ ಈಗ ಅಲ್ಲಿ ಉಪಯೋಗಕ್ಕೆ ಬರುವುದು ಒಂದೂ ಇಲ್ಲ. ಧ್ಯಾನಕ್ಕೆ ಕೂತರೆ ಮೆಟ್ಟಿಲ ಮೇಲೆ ಚೆಲ್ಲಿದ ಬಟ್ಟೆ ಕಾಣುತ್ತದಂತೆ, ಅದಕ್ಕೆ ಕಣ್ಣು ಮುಚ್ಚುವುದಿಲ್ಲ.

ಡಾಕ್ಟರು ದೀಪಾವಳಿಯ ತನಕ ಎಂದಿದ್ದಾರೆ. ನಾನು ಬೋಡಿಯನ್ನು ಬಯ್ಯಬೇಕೆಂದು ಎಷ್ಟೋ ಸಲ ಹೊಸ್ತಿಲ ತನಕ ಹೋಗಿದ್ದೇನೆ. ಅವಳನ್ನು ನೋಡಿ ಹಿಂದಿರುಗಿದ್ದೇನೆ. ಅಂದು ನಾನೂ ಮರುಮಾತಾಡದೆ ವಾಪಸು ಬಂದವಳೇ.

ಮೈಯ ನೀರು ಇಳಿಸುವ ಮಾತ್ರೆ ಮುಗಿದಿದೆ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಡೆಹ್ರಾಡೂನಿಗೆ ಹೋಗಿ ತರುತ್ತೇನೆ.