ತಂಗಿಯ ಪಾಳಿ

ಮೇಡಂ ಅವರ ಬಲಗಿವಿಯ ಹಾಲೆ ನಡುವೆ ಸೀಳಿ ಎರಡಾಗಿತ್ತು. ಎಡಗಿವಿಗೆ ಕೆಂಪು ಹರಳಿನ ಓಲೆ, ಬಲಕ್ಕೆ ಏನೂ ಇಲ್ಲ. ಇಯರ್‌ಫೋನಿನ ಒಂದು ತುದಿಯನ್ನು ಎಡಗಿವಿಗೆ ಸಿಕ್ಕಿಸಿ, ಇನ್ನೊಂದನ್ನು ಸೆರಗಿನ ಮೇಲೆ ಇಳಿಬಿಟ್ಟು, ಆ ಸೀಳುಗಿವಿಯನ್ನು ಬಸ್ಸಿನ ಕಿಟಕಿಗೆ ಕೊಟ್ಟು ಕೂರುತ್ತಿದ್ದರು. ಹೊರಗಿನಿಂದ ಯಾರೋ ಏನೋ ಹೇಳುತ್ತಿದ್ದಾರೆ, ಇವರು ಕೇಳುತ್ತಿದ್ದಾರೆ ಅನ್ನಿಸುತ್ತಿತ್ತು.

ನಮ್ಮಿಬ್ಬರದೂ ಲಿಂಗಸುಗೂರಿನಲ್ಲಿ ಒಂದೇ ಆಫೀಸು. ಅವರು ನಿವೃತ್ತಿಯ ಅಂಚಿನಲ್ಲಿದ್ದರು, ನಾನು ಆಗಷ್ಟೇ ಸೇರಿದವಳು. ಸಿಂಧನೂರಿನಿಂದ ದಿನಾ ಒಟ್ಟಿಗೆ ಹೋಗಿಬರುವುದು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಸೀಟು ಸಿಗುವುದೇ ಪುಣ್ಯ. ನಾನು ಕಿಟಕಿಯಿಂದ ಕರ್ಚೀಫು ಒಗೆದು ಡ್ರೈವರನ ಹಿಂದಿನ ಮೂರು ಜನರ ಸೀಟು ಹಿಡಿಯುತ್ತಿದ್ದೆ. ಮೇಡಂ ರಾಣಿಯ ಹಾಗೆ ನಿಧಾನ ಹತ್ತಿ ಬಂದು ಕಿಟಕಿಯ ಪಕ್ಕ ಕೂರುತ್ತಿದ್ದರು.

ಪ್ರತಿ ಭಾನುವಾರ ಅವರು ಮೊಬೈಲಿನಲ್ಲಿ ವಾರದ ಹಾಡುಗಳನ್ನು ತಾವೇ ಜೋಡಿಸಿ ಒಂದಾಗಿ ಮಾಡಿಕೊಳ್ಳುತ್ತಿದ್ದರು. ಅದಕ್ಕೆ 'ಹಾಡಿನ ಬುತ್ತಿ' ಎಂದು ಹೆಸರು. ಅಕ್ಕಿ ಮಿಲ್ಲುಗಳು ಹಿಂದೆ ಸರಿಯುವಾಗ ಕುಣಿಸುವ ಸಿನಿಮಾ ಹಾಡು, ಮಸ್ಕಿಯ ಗುಡ್ಡ ಕಾಣುವಾಗ ತತ್ವಪದ, ಲಿಂಗಸುಗೂರು ಬಂತೆಂದರೆ ಬ್ಯಾಂಡ್ ಬಾಜಾ. "ಆಫೀಸಿಗೆ ಅಳಕೋತ ಹೋಗಬಾರದು ಬೇ" ಅನ್ನುತ್ತಿದ್ದರು. ನನಗೂ ಕಳಿಸಿರಿ ಎಂದು ಕಾಡಿದರೆ, "ನನ್ನ ಬುತ್ತಿ ನಿನಗ್ಯಾಕ? ನಿಂದು ನೀ ಕಟ್ಕೋ" ಎಂದು ಬಾಯಿ ಮುಚ್ಚಿಸುತ್ತಿದ್ದರು. ಜಿಪುಣಿ ಎಂದು ನಾನು ಒಳಗೊಳಗೇ ಬೈದುಕೊಳ್ಳುತ್ತಿದ್ದೆ.

ಒಂದು ದಿನ ನನ್ನ ಮೊಬೈಲು ಸತ್ತಿತ್ತು. ನನ್ನ ಸಪ್ಪೆ ಮುಖ ನೋಡಲಾರದೆ ಸೆರಗಿನ ಮೇಲಿನ ಆ ಇನ್ನೊಂದು ತುದಿಯನ್ನು ನನ್ನ ಕಿವಿಗೆ ಕೊಟ್ಟರು. ಎರಡು ಸಿನಿಮಾ ಹಾಡು ಮುಗಿದವು. ಆಮೇಲೆ ಬಂದದ್ದು ಅವರದೇ ದನಿ! ಭತ್ತದ ಸಸಿ ಹಚ್ಚುವಾಗ ಹೆಂಗಸರು ಹಾಡುವ ಪದ. ಅದು ಮುಗಿದದ್ದೇ ಏನೂ ಇಲ್ಲ. ಗೋಡೆ ಗಡಿಯಾರದ ಟಿಕ್ ಟಿಕ್, ಯಾರೋ ಉಸಿರಾಡುವ ಸದ್ದು, ಅಷ್ಟೇ. ಬಸ್ಸು ಕಾಲುವೆಯ ಸೇತುವೆ ಹತ್ತಿತ್ತು.

"ಹಾಡು ಬಂದ್ ಆತಲ್ರೀ ಮೇಡಂ."

"ಸುಮ್ಕಿರು. ನನ್ನ ತಂಗಿ ಪಾಳಿ ಐತಿ."

ಸಸಿ ಹಚ್ಚುವಾಗ ಎರಡು ಸಾಲಿನವರು ಎದುರುಬದುರಾಗಿ ಹಾಡುತ್ತಾರೆ. ಒಂದು ಸಾಲು ಹಾಡಿದರೆ ಇನ್ನೊಂದು ಸಾಲು ತಿರುಗಿಸಿ ಹಾಡಬೇಕು. ಅವರ ಪಾಳಿ ಮುಗಿಯುವ ತನಕ ಇವರು ಬಾಯಿ ತೆರೆಯುವಂತಿಲ್ಲ. ಅಕ್ಕ ತಂಗಿ ಇಬ್ಬರೂ ಚಿಕ್ಕವರಿದ್ದಾಗ ಹಾಗೇ ಹಾಡಿಕೊಳ್ಳುತ್ತ ಗದ್ದೆಯಿಂದ ಇದೇ ಕಾಲುವೆಯ ದಂಡೆ ಹಿಡಿದು ಮನೆಗೆ ಹೊರಟಿದ್ದರಂತೆ.

"ನಾ ಹಾಡಿ ಮುಗಿಸಿದ್ದೆ. ಆಕಿ ಬಾಯಿ ತೆರೆಯೋದ್ರಾಗ ಕಾಲು ಜಾರ್ತು. ಕೈಗೆ ನನ್ನ ಓಲಿ ಸಿಕ್ತು, ಹಿಡದ್ಲು." ಮೇಡಂ ಸೀಳುಗಿವಿಯನ್ನು ಮುಟ್ಟಿಕೊಂಡರು. "ಓಲಿ ಆಕಿ ಕೂಡ ಹೋತು. ಅವತ್ತಿಂದ ಈ ಕಿವಿ ಆಕಿಂದು."

ಕೆಟ್ಟ ಕುತೂಹಲ ನನ್ನದು, ಆ ಮೌನವನ್ನು ಎಲ್ಲಿಂದ ತಂದಿರಿ ಎಂದು ಕೇಳಿಯೇಬಿಟ್ಟೆ.

"ಬಾಗಲಾ ಹಾಕಿ, ಫ್ಯಾನ್ ಬಂದ್ ಮಾಡಿ, ಮೊಬೈಲ್ ಮುಂದ ಕುಂದ್ರತೀನಿ. ಆಕಿ ಹಾಡು ಮುಗಿಯೂಮಟ."

"ಮುಗೀತಂತ ಹೆಂಗ ಗೊತ್ತಾಗ್ತೈತ್ರೀ?"

"ಮುಗಿದ ಮ್ಯಾಲ ಗೊತ್ತಾಗ್ತೈತಿ."

ತಂಗಿಗೆ ಸಿಗದೆ ಹೋದ ಆ ಒಂದು ಪಾಳಿಯನ್ನು ದಿನಾ ಕೊಡುತ್ತಲೇ ಇದ್ದ ಹೆಂಗಸು ಅವರು. ಅದಾದ ಮೇಲೆ ಇಯರ್‌ಫೋನಿನ ಒಂದು ತುದಿ ನನಗೆ ಖಾಯಂ ಆಯಿತು.

ಸುಗ್ಗಿಯ ಕಾಲದಲ್ಲಿ ಒಂದು ಬೆಳಿಗ್ಗೆ, ಭತ್ತದ ಚೀಲ ಹೇರಿದ ಟ್ರ್ಯಾಕ್ಟರುಗಳ ಹಿಂದೆ ನಮ್ಮ ಬಸ್ಸು ಸಿಕ್ಕಿಹಾಕಿಕೊಂಡಿತು. ದಿನಾ ತಂಗಿಯ ಪಾಳಿ ಬರುವ ಸೇತುವೆ ಇನ್ನೂ ದೂರವಿತ್ತು. ಮೇಡಂ ಅವರ ಪದ ಮುಗಿದು ಮೌನ ಶುರುವಾದಾಗ ಡ್ರೈವರ್ ಎಂಜಿನ್ ಆರಿಸಿದ. ಇವತ್ತು ಲೆಕ್ಕ ತಪ್ಪಿತು ಎಂದು ನಾನು ನಗಬೇಕು, ಅಷ್ಟರಲ್ಲಿ ಮೇಡಂ ಮೊಣಕೈಯಿಂದ ತಿವಿದರು.

"ಜರಾ ಆ ಕಡಿ ಸರಿ ಬೇ. ಇವತ್ತ ಆಕಿ ಮುಂದ ಬಂದಾಳ."

ತುದಿಯಲ್ಲಿ ಕೂತಿದ್ದವಳು ಆಗಷ್ಟೇ ಎದ್ದು ಬಾಗಿಲಿಗೆ ಹೋಗಿದ್ದಳು, ನಾನು ಅಲ್ಲಿಗೆ ಸರಿದೆ. ನಮ್ಮಿಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗ, ಅದರ ಮೇಲೆ ಬಿಗಿದು ನಿಂತ ಇಯರ್‌ಫೋನಿನ ವೈರು. ಪಕ್ಕದಲ್ಲೇ ಒಬ್ಬಳು ಬುಟ್ಟಿ ಹಿಡಿದು ನಿಂತಿದ್ದಳು. ಖಾಲಿ ಜಾಗವನ್ನು ನೋಡಿದಳು, ಆದರೆ ಯಾಕೋ ಕೂಡಲಿಲ್ಲ. ಸೀಟಿನ ಆ ಭಾಗ ಒದ್ದೆಯಾಗಿತ್ತೇ ಎಂದು ಆಮೇಲೆ ನನಗೆ ಸಂಶಯ ಬಂತು, ಮುಟ್ಟಿ ನೋಡುವ ಧೈರ್ಯ ಬರಲಿಲ್ಲ.

ಹೋದ ಚಳಿಗಾಲದ ಒಂದು ಭಾನುವಾರ ಸಂಜೆ ಮೇಡಂ ನನ್ನ ಮೊಬೈಲಿಗೆ ಬುತ್ತಿ ಕಳಿಸಿದರು. ಎಂದೂ ಯಾರಿಗೂ ಕೊಡದವರು! ಖುಷಿಯಿಂದ ಫೋನು ಮಾಡಿದರೆ, "ನಾಳಿ ಬಸ್ಸಿನ್ಯಾಗ ಕೇಳು, ಈಗ ಬ್ಯಾಡ" ಎಂದರು. ಬೆಳಗಾಗುವುದರೊಳಗೆ ಅವರು ಮಲಗಿದಲ್ಲೇ ತೀರಿಹೋಗಿದ್ದರು. ಅಂದು ನಾನು ಬಸ್ಸು ಹತ್ತಲಿಲ್ಲ, ಮಣ್ಣಿಗೆ ಹೋದೆ. ಅವರ ಎಡಗಿವಿಯ ಓಲೆಯನ್ನೂ ತೆಗೆದಿದ್ದರು. ಅದನ್ನು ನೋಡಿ ನಾನು ಬಿಕ್ಕಿ ಬಿಕ್ಕಿ ಅತ್ತೆ.

ಮರುದಿನ ಅದೇ ಬಸ್ಸು. ಕಿಟಕಿಯ ಪಕ್ಕ ಕೂರಲು ಮನಸ್ಸಾಗಲಿಲ್ಲ, ಸೀಟಿನ ಈಚೆ ತುದಿಯಲ್ಲಿ ಕೂತು ಬುತ್ತಿ ಬಿಚ್ಚಿದೆ. ಸಿನಿಮಾ ಹಾಡುಗಳಾದವು. ಮೇಡಂ ಅವರ ಪದ ಆಯಿತು. ಗಡಿಯಾರದ ಟಿಕ್ ಟಿಕ್, ನನಗೆ ಚೆನ್ನಾಗಿ ಗೊತ್ತಿದ್ದ ಆ ಉಸಿರು. ತಂಗಿಯ ಪಾಳಿ ಮುಗಿಯುವ ಹೊತ್ತಾಯಿತು, ಮುಂದಿನ ತತ್ವಪದ ಬರಲಿಲ್ಲ. ಉಸಿರು ನಿಂತಿತು. ಗಡಿಯಾರ ಮಾತ್ರ ನಡೆಯುತ್ತಿತ್ತು.

ರೆಕಾರ್ಡ್ ಮಾಡುವಾಗ ಮೇಡಂ ಎದ್ದು ಹೊರಗೆ ಹೋಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಅವರು ಎದ್ದ ಸದ್ದಿಲ್ಲ, ಬಾಗಿಲ ಸದ್ದೂ ಇಲ್ಲ. ಮೌನ ಮುಗಿಯಲೇ ಇಲ್ಲ, ಇನ್ನೊಂದು ಹಾಡಿನಷ್ಟು ಉದ್ದ ಸಾಗಿತು. ತಮ್ಮ ಪಾಳಿಯನ್ನೂ ಅವರು ಬುತ್ತಿಯಲ್ಲಿ ಕಟ್ಟಿಟ್ಟಿದ್ದರು, ಅದನ್ನು ಕೇಳಲು ನನ್ನನ್ನು ಕೂರಿಸಿದ್ದರು.

ಬಸ್ಸು ಸೇತುವೆ ಹತ್ತಿತು. ನಿಂತಿದ್ದ ಹೆಂಗಸೊಬ್ಬಳು ಬಗ್ಗಿ ಕೇಳಿದಳು, "ಅಕ್ಕಾರ, ಒಬ್ರೇ ಇದ್ದೀರಿ, ಆ ಕಡಿ ಸರೀರಲ್ಲ."

ನಾನು ಕಿವಿಯಿಂದ ಇಯರ್‌ಫೋನು ತೆಗೆಯಲಿಲ್ಲ.

"ಸೇತುವಿ ದಾಟೂಮಟ ನಿಲ್ಲವ್ವಾ," ಎಂದೆ. "ಇಬ್ಬರು ಅದಾರ."