ಪರದೆಯ ಮೂಲೆಯ ಚೌಕ

ಗಜೇಂದ್ರಗಡದಲ್ಲಿ ಟೈಪಿಂಗ್ ಬಲ್ಲವರನ್ನು ನಿಲ್ಲಿಸಿ ಕೇಳಿದರೆ ಅರ್ಧಕ್ಕರ್ಧ ಜನ ಇಂದಿರಾಬಾಯಿಯ ಹೆಸರು ಹೇಳುತ್ತಾರೆ. ಮದುವೆಯಾಗಿ ಬಂದ ಎರಡನೆಯ ವರ್ಷ ಮನೆಯ ಪಡಸಾಲೆಯಲ್ಲಿ ನಾಲ್ಕು ಯಂತ್ರ ಇಟ್ಟುಕೊಂಡು ಶುರು ಮಾಡಿದ ಇನ್‌ಸ್ಟಿಟ್ಯೂಟ್ ಇಪ್ಪತ್ತಾರು ವರ್ಷ ನಡೆಯಿತು. ಹಿಂದಿನ ಓಣಿಯಿಂದ ಮಗ್ಗದ ಸಪ್ಪಳ, ಮುಂದಿನಿಂದ ಟೈಪಿನ ಸಪ್ಪಳ. ನಡುವಿನ ಅಡುಗೆಮನೆಯಲ್ಲಿ ಮಾತನಾಡಬೇಕೆಂದರೆ ಕೂಗಲೇಬೇಕಿತ್ತು. ಟೈಪ್‌ರೈಟರ್ ಕಲಿಯುವವರು ಇಲ್ಲವಾದ ಮೇಲೆ ಆಕೆ ಯಂತ್ರಗಳನ್ನು ಕೊಟ್ಟುಬಿಟ್ಟು ಒಂದು ಕಂಪ್ಯೂಟರ್ ತಂದಳು. ಅರ್ಜಿ, ಲಗ್ನಪತ್ರಿಕೆ, ಮಾಸ್ತರರ ಪ್ರಬಂಧ, ಹೀಗೆ ಕೆಲಸ ಮನೆ ಹುಡುಕಿಕೊಂಡು ಬರುತ್ತಲೇ ಇತ್ತು.

ಐವತ್ತೊಂಬತ್ತರ ವಯಸ್ಸಿನಲ್ಲೂ ಆಕೆಯ ವೇಗ ಕಡಿಮೆಯಾಗಿರಲಿಲ್ಲ. ಕಣ್ಣು ಹಾಳೆಯ ಮೇಲೆ, ಬೆರಳು ಕೀಲಿಯ ಮೇಲೆ. ಕಂಪ್ಯೂಟರ್ ನಡುವೆ ಏನಾದರೂ ಕೇಳಿದರೆ ಅದಕ್ಕೆ ಬೆರಳೇ ಉತ್ತರ ಕೊಟ್ಟುಬಿಡುತ್ತಿತ್ತು, ಕಣ್ಣು ಎತ್ತುವ ಅಗತ್ಯ ಬೀಳುತ್ತಿರಲಿಲ್ಲ. ಆ ವೇಗದ ಬಗ್ಗೆ ಆಕೆಗೆ ಒಳಗೊಳಗೇ ಹೆಮ್ಮೆ ಇತ್ತು.

ಈ ಶ್ರಾವಣದಲ್ಲಿ ಆಕೆಯ ಕೈಯಲ್ಲಿದ್ದುದು ಈಶಪ್ಪನವರ ಪುಸ್ತಕ. ಲಕ್ಕಲಕಟ್ಟಿಯ ಈಶಪ್ಪನವರು ಎಪ್ಪತ್ತು ದಾಟಿದ ಒಕ್ಕಲುತನದ ಹಿರಿಯರು. ಯಾವ ಮಳೆಗೆ ಯಾವ ಹೊಲದಲ್ಲಿ ಏನು ಬಿತ್ತಿದೆ, ಯಾವ ಹುಳು ಬಿತ್ತು, ತೆನೆ ಹೇಗೆ ಕಟ್ಟಿತು ಎಂದು ಮೂವತ್ತೆರಡು ವರ್ಷ ನೋಟುಬುಕ್ಕುಗಳಲ್ಲಿ ಬರೆದಿಟ್ಟಿದ್ದರು. ಅವರ ಅಕ್ಷರ ಅವರಿಗಲ್ಲದೆ ಬೇರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹೀಗಾಗಿ ದಿನಾ ನಾಲ್ಕರ ಹೊತ್ತಿಗೆ ಬಸ್ಸಿಳಿದು ಬಂದು, ಆಕೆಯ ಪಕ್ಕ ಕುರ್ಚಿ ಹಾಕಿಕೊಂಡು ಓದಿ ಹೇಳುತ್ತಿದ್ದರು, ಆಕೆ ಹೊಡೆಯುತ್ತಿದ್ದಳು.

ಒಂದು ಸೋಮವಾರ ಬಿಳಿಜೋಳದ ಅಧ್ಯಾಯ ನಡೆದಿತ್ತು. ಪರದೆಯ ಬಲಗಡೆ, ಕೆಳಗಿನ ಮೂಲೆಯಲ್ಲಿ ಸಣ್ಣದೊಂದು ಚೌಕ ಎದ್ದು ಬಂತು. ನಿಮ್ಮ ಕಂಪ್ಯೂಟರಿನಲ್ಲಿ ಐದು ವೈರಸ್ ಇವೆ ಎಂದು ಕೆಂಪು ಇಂಗ್ಲಿಷ್ ಅಕ್ಷರಗಳು. ಆಕೆ ಅದನ್ನು ಮುಚ್ಚಿದಳು. ಅದೇ ಜಾಗದಲ್ಲಿ ತೂಕ ಇಳಿಸುವ ಪುಡಿಯ ಜಾಹೀರಾತು ಬಂತು. ಅದನ್ನೂ ಮುಚ್ಚಿದಳು. ಮೂರನೆಯದು ಅರೆಬಟ್ಟೆಯ ಹೆಂಗಸಿನ ಚಿತ್ರ, ನಿಮ್ಮ ಊರಿನಲ್ಲೇ ಇದ್ದೇನೆ, ಮಾತಾಡೋಣ ಬನ್ನಿ ಎಂಬ ಬರಹ.

ಈಶಪ್ಪನವರ ಓದು ನಿಂತಿತು. ಅವರು ಮುಖ ತಿರುಗಿಸಿ ಕಿಟಕಿಯಾಚೆ ಗುಡ್ಡ ನೋಡತೊಡಗಿದರು. ಇಂದಿರಾಬಾಯಿ ಮುಚ್ಚಿದಷ್ಟೂ ಚೌಕ ಮತ್ತೆ ಮೂಡುತ್ತಿತ್ತು. ಸ್ವಲ್ಪ ಹೊತ್ತಿನ ನಂತರ ಅವರು ನೋಟುಬುಕ್ಕು ಮಡಚಿದರು.

"ಬಾಯಾರ, ಇವತ್ತಿಗೆ ಸಾಕ್ರಿ. ಯಂತ್ರಕ್ಕ ಆರಾಮ ಇದ್ದಂಗ ಕಾಣವಲ್ದು."

ಅವರು ಹೋದ ಮೇಲೂ ಆಕೆಯ ಕಿವಿ ಬಿಸಿಯಾಗಿಯೇ ಇದ್ದವು. ಮನೆಯಲ್ಲಿ ಇದ್ದವರು ಇಬ್ಬರು. ಗಂಡ ಗೋಪಾಲಕೃಷ್ಣರು ಅಂಚೆ ಕಚೇರಿಯಿಂದ ನಿವೃತ್ತರಾದವರು, ದಿನಾ ಊಟವಾದ ಮೇಲೆ ಒಂದರಿಂದ ಮೂರರವರೆಗೆ ಇದೇ ಕಂಪ್ಯೂಟರಿನಲ್ಲಿ ಎಲ್ಲೆಲ್ಲಿಯೋ ಇರುವ ಜನರೊಂದಿಗೆ ಚೆಸ್ ಆಡುತ್ತಿದ್ದರು. ಚಹಾ ಕುಡಿಯುತ್ತ ಕುಳಿತಿದ್ದ ಅವರ ಮುಂದೆ ಆಕೆ ಹೋಗಿ ನಿಂತಳು.

"ಮಧ್ಯಾಹ್ನ ಏನೇನ ಒತ್ತತೀರಿ ಅದರಾಗ?"

"ಚೆಸ್ ಆಡತೇನಿ. ಮತ್ತೇನ ಒತ್ತಲಿ?"

"ಚೆಸ್ ಆಡಿದ್ರ ಇಂಥಾ ಹೆಂಗಸರ ಚಿತ್ರ ಬರತಾವೇನು? ಈಶಪ್ಪನವರ ಮುಂದ ನನ್ನ ಮಾನ ಹೋತು. ಹಾಳುಮೂಳು ನೋಡೋದಿದ್ರ ಈ ಮನ್ಯಾಗ ಬ್ಯಾಡ."

ಗೋಪಾಲಕೃಷ್ಣರು ಲೋಟ ಕೆಳಗಿಟ್ಟು ಆಕೆಯನ್ನೇ ನೋಡಿದರು. "ಇಂದಿರಾ, ನೀ ಏನ ಅನ್ನಲಿಕ್ಹತ್ತೀದಿ ಅನ್ನೋದು ನಿನಗ ತಿಳದದೇನು?"

ಆಕೆ ಒಳಗೆ ಹೋದಳು. ಮರುದಿನ ಊಟವಾದ ಕೂಡಲೇ ಅವರು ಕೊಡೆ ತೆಗೆದುಕೊಂಡು ವಾಚನಾಲಯಕ್ಕೆ ನಡೆದರು. ಕಂಪ್ಯೂಟರಿನ ಕಡೆ ತಿರುಗಿಯೂ ನೋಡಲಿಲ್ಲ.

ಅವರು ಕೂಡುವುದು ಬಿಟ್ಟರೂ ಚೌಕ ಬರುವುದು ಬಿಡಲಿಲ್ಲ. ಕಂಪ್ಯೂಟರ್ ಆರಿಸಿ ಹಚ್ಚಿದಳು. ಚೆಸ್ಸಿನ ಗುರುತನ್ನು ಅಳಿಸಿ ಹಾಕಿದಳು. ಏನೂ ತೋಚದೆ ಒದ್ದೆ ಬಟ್ಟೆಯಿಂದ ಪರದೆಯನ್ನೂ ಒರೆಸಿದಳು. ಹತ್ತು ನಿಮಿಷ ಸುಮ್ಮನಿದ್ದು ಮತ್ತೆ ಟಣ್ ಎಂದು ಎದ್ದು ಬರುತ್ತಿತ್ತು. ಒಂದು ಕಣ್ಣು ಮೂಲೆಯ ಮೇಲಿಟ್ಟುಕೊಂಡು ಹೊಡೆಯುವಾಗ ಬೆರಳು ತಪ್ಪುತ್ತಿದ್ದವು. ಎದ್ದು ಬಾಗಿಲಿಗೆ ಹೋಗುವುದು, ಬರುವುದು, ಕೂಡುವುದು, ಮತ್ತೆ ಏಳುವುದು. ಆ ಸಪ್ಪಳ ಆಗದಿದ್ದಾಗಲೂ ಆದ ಹಾಗೆ ಅನಿಸಿ ಅಡುಗೆಮನೆಯಿಂದ ಓಡಿ ಬರುತ್ತಿದ್ದಳು.

ಮಂಗಳವಾರ ಈಶಪ್ಪನವರು ಬರಲಿಲ್ಲ. ಬುಧವಾರವೂ ಇಲ್ಲ. ಫೋನ್ ಮಾಡಿದರೆ, "ಹೆಸರುಕಾಯಿ ಬಿಡಸಾಕ ಆಳು ಬಂದಾರ್ರಿ ಬಾಯಾರ, ನೋಡೂಣು," ಎಂದರು. ಅದು ನಿಜವೋ ನೆಪವೋ ಆಕೆಗೆ ತಿಳಿಯಲಿಲ್ಲ. ನೆಪ ಎಂದೇ ಮನಸ್ಸು ಹೇಳಿತು.

ಗುರುವಾರ ಮಧ್ಯಾಹ್ನ ಒಬ್ಬ ಮಾಸ್ತರರ ಪ್ರಬಂಧ ಹೊಡೆಯುತ್ತಿದ್ದಾಗ ಮತ್ತೆ ಚೌಕ ಬಂತು. ಮುಚ್ಚಲು ಹೋಗಿ ಎಲ್ಲೋ ಒತ್ತಿದಳು. ಪರದೆಯೆಲ್ಲ ನೀಲಿಯಾಯಿತು, ಸೈರನ್ ಕೂಗಿತು. ಕಂಪ್ಯೂಟರ್ ಬಂದ್ ಮಾಡಬೇಡಿ, ಈ ನಂಬರಿಗೆ ಕೂಡಲೇ ಫೋನ್ ಮಾಡಿ ಎಂದು ಹೆಣ್ಣುದನಿ ಮತ್ತೆ ಮತ್ತೆ ಹೇಳತೊಡಗಿತು. ನಾಲ್ಕು ದಿನದ ಕಿರಿಕಿರಿ ಇವತ್ತಿಗೆ ಮುಗಿದರೆ ಸಾಕು ಅನ್ನಿಸಿ ಆಕೆ ಫೋನ್ ಮಾಡಿದಳು.

ಆ ಕಡೆಯ ಮನುಷ್ಯ ಹಿಂದಿಯಲ್ಲಿ ಬಹಳ ಮರ್ಯಾದೆಯಿಂದ ಮಾತನಾಡಿದ. ಒಂದು ಪುಟ ತೆರೆಯಲು ಹೇಳಿದ, ಅಲ್ಲಿಂದ ಏನನ್ನೋ ಇಳಿಸಿಕೊಳ್ಳಲು ಹೇಳಿದ. ಈಗ ಒಂಬತ್ತು ಅಂಕಿಯ ನಂಬರು ಕಾಣುತ್ತದೆ, ಅದನ್ನು ಓದಿ, ಉಳಿದುದನ್ನು ನಾನೇ ಇಲ್ಲಿಂದ ಸರಿ ಮಾಡುತ್ತೇನೆ ಎಂದ. ಆಕೆ ನಾಲ್ಕು ಅಂಕಿ ಓದುವಷ್ಟರಲ್ಲಿ, ಮರೆತ ಚಷ್ಮಾಕ್ಕಾಗಿ ವಾಚನಾಲಯದಿಂದ ತಿರುಗಿ ಬಂದ ಗೋಪಾಲಕೃಷ್ಣರು ಬಾಗಿಲಲ್ಲಿ ನಿಂತಿದ್ದರು.

"ಯಾರಿಗೆ ಓದಿ ಹೇಳಲಿಕ್ಹತ್ತೀದಿ ನಂಬರು?"

"ಕಂಪನಿಯವರಿಗೆ. ನೀವು ಸುಮ್ಮನಿರ್ರಿ."

"ಯಾವ ಕಂಪನಿ, ಕೇಳು."

ಆಕೆ ಕೇಳಿದಳು. ಆ ಕಡೆಯ ದನಿಯಲ್ಲಿದ್ದ ಮರ್ಯಾದೆ ಅಲ್ಲಿಗೇ ಮುಗಿಯಿತು. ಹೊತ್ತಿಲ್ಲ, ಬೇಗ ಹೇಳಿ, ಇಲ್ಲದಿದ್ದರೆ ಎಲ್ಲ ಹೋಗುತ್ತದೆ ಎಂದು ಗದರಿದ. ಗೋಪಾಲಕೃಷ್ಣರು ಗೋಡೆಯ ಹತ್ತಿರ ಹೋಗಿ ಸ್ವಿಚ್ ಆರಿಸಿದರು. ಪರದೆ ಕಪ್ಪಾಯಿತು.

"ಪ್ರಬಂಧದ ಮೂರು ಪುಟ ಉಳಿಸಿರಲಿಲ್ಲ, ಹೋದ್ವು," ಎಂದಳು ಇಂದಿರಾಬಾಯಿ.

"ಹೋಗ್ಲಿ. ಮತ್ತ ಹೊಡೀಲಿಕ್ಕೆ ಬರತದ." ಅವರು ಚಷ್ಮಾ ಹುಡುಕಿಕೊಂಡು ಹೊರಟರು. ಹೊಸ್ತಿಲಲ್ಲಿ ನಿಂತು ಅಂದರು, "ಮತ್ತ ಫೋನ್ ಬಂದ್ರ ಎತ್ತಬ್ಯಾಡ."

ಸಂಜೆಯ ತನಕ ಅದೇ ನಂಬರಿನಿಂದ ನಾಲ್ಕು ಸಲ ಫೋನ್ ಬಂತು. ಆಕೆ ಎತ್ತಲಿಲ್ಲ. ಕಂಪ್ಯೂಟರ್ ಹಚ್ಚಲೂ ಧೈರ್ಯ ಬರಲಿಲ್ಲ.

ನರೇಗಲ್ಲಿನ ಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸುವ ಮೈಮುನಬಿ ಒಂದು ಕಾಲಕ್ಕೆ ಇಂದಿರಾಬಾಯಿಯ ಹತ್ತಿರ ಟೈಪಿಂಗ್ ಕಲಿತವಳು. ಫೋನಿನಲ್ಲಿ ಭಾನುವಾರ ಬರುತ್ತೇನೆ ಎಂದಳು. ಭಾನುವಾರದ ತನಕ ತಡೆಯುವ ಸ್ಥಿತಿಯಲ್ಲಿ ಇಂದಿರಾಬಾಯಿ ಇರಲಿಲ್ಲ. ಚೌಕಗಳನ್ನೂ ಆ ನೀಲಿ ಪರದೆಯನ್ನೂ ಮೊದಲೇ ಮೊಬೈಲಿನಲ್ಲಿ ಫೋಟೋ ಹಿಡಿದಿಟ್ಟಿದ್ದಳು. ಶುಕ್ರವಾರ ಬೆಳಿಗ್ಗೆ ಆಧಾರ್ ಕಾರ್ಡು ತೋರಿಸಿ ಟಿಕೆಟ್ ಪಡೆದು ನರೇಗಲ್ ಬಸ್ಸಿನಲ್ಲಿ ಕುಳಿತಳು. ದಾರಿಯುದ್ದಕ್ಕೂ ಹೊಲಗಳಲ್ಲಿ ಹೆಣ್ಣಾಳುಗಳು ಹೆಸರಿನ ಕಾಯಿ ಬಿಡಿಸುತ್ತಿದ್ದರು. ಈಶಪ್ಪನವರ ಮಾತು ನಿಜವೂ ಇರಬಹುದು ಎಂದು ಮೊದಲ ಸಲ ಹೊಳೆಯಿತು.

ಶಾಲೆಯಲ್ಲಿ ಊಟದ ಬಿಡುವಿತ್ತು. ಮೈಮುನಬಿ ಫೋಟೋಗಳನ್ನು ಒಂದೊಂದಾಗಿ ನೋಡಿದಳು.

"ಅಕ್ಕಾರ, ಇದು ವೈರಸ್ ಅಲ್ರಿ. ಯಾವುದೋ ಒಂದು ವೆಬ್‌ಸೈಟಿಗೆ ನೀವು ಪರವಾನಿಗಿ ಕೊಟ್ಟೀರಿ. ನಿನ್ನ ಸುದ್ದಿ ನನ್ನ ಪರದಿ ಮ್ಯಾಲ ತೋರಸು ಅಂತ. ಅದು ಅದರ ಹೆಸರ್ಲೆ ಸಿಕ್ಕಿದ್ದೆಲ್ಲ ತೋರಸಾಕತೈತಿ."

"ನಾ ಯಾರಿಗೂ ಪರವಾನಿಗಿ ಕೊಟ್ಟಿಲ್ಲವಾ."

"ಅಲೌ ಅಂತ ಒಂದು ಗುಂಡಿ ಬಂದಿರತೈತ್ರಿ. ಯಾರರೆ ಒತ್ತಿರಬೇಕು." ಮೈಮುನಬಿ ಮುಂದಿನ ಫೋಟೋಕ್ಕೆ ಬಂದಳು. "ಈ ನಂಬರಿಗೆ ಫೋನ್ ಏನರ ಮಾಡಿದ್ರೇನ್ರಿ?"

ಇಂದಿರಾಬಾಯಿ ನೆಲ ನೋಡಿದಳು. "ಮಾಡಿದ್ದೆ. ಏನೋ ಇಳಿಸಿಕೋ ಅಂದ, ಇಳಿಸಿಕೊಂಡೆ. ನಂಬರು ಪೂರ್ತಿ ಹೇಳಲಿಲ್ಲ. ನಮ್ಮವರು ಬಂದು ಆರಿಸಿದ್ರು."

"ಭಾಳ ಚಲೋ ಮಾಡ್ಯಾರ್ರಿ ರಾಯರು. ಪೂರ್ತಿ ಹೇಳಿದ್ರ ನಿಮ್ಮ ಕಂಪ್ಯೂಟರು ಅವನ ಕೈಯಾಗ ಹೋಗತಿತ್ತು. ಮನಿಗೆ ಹೋದ ಕೂಡ್ಲೆ ಇಂಟರ್‌ನೆಟ್ ವೈರು ಕಿತ್ತಿಟ್ಟು ಮದಲ ಅದನ್ನ ತಗದ ಹಾಕ್ರಿ."

ಶಾಲೆಯ ಕಂಪ್ಯೂಟರಿನಲ್ಲಿ ಎಲ್ಲಿ ಹೋಗಬೇಕು, ಏನು ಒತ್ತಬೇಕು ಎಂದು ಮೈಮುನಬಿ ಒಂದೊಂದೇ ತೋರಿಸಿದಳು. ಇಂದಿರಾಬಾಯಿ ಹಳೆಯ ಶಾರ್ಟ್‌ಹ್ಯಾಂಡಿನಲ್ಲಿ ಗೀಚಿಕೊಂಡಳು. ಇಪ್ಪತ್ತಾರು ವರ್ಷ ಕಲಿಸಿದ ಕೈಗೆ ಈಗ ಶಿಷ್ಯಳ ಮುಂದೆ ಬರೆದುಕೊಳ್ಳುವ ಅವಸರ.

ಮನೆಗೆ ಬಂದವಳು ಸೀರೆ ಕೂಡ ಬದಲಿಸದೆ ಕುಳಿತಳು. ವೈರು ಕಿತ್ತಿಟ್ಟು, ಆ ಮನುಷ್ಯ ಇಳಿಸಿಕೊಳ್ಳಲು ಹೇಳಿದ್ದನ್ನು ಮೊದಲು ತೆಗೆದಳು. ಆಮೇಲೆ ಬ್ರೌಸರಿನ ಮೂಲೆಯ ಮೂರು ಚುಕ್ಕೆ, ಅಲ್ಲಿಂದ ಸೆಟ್ಟಿಂಗ್ಸ್, ಅದರೊಳಗೆ ಸೈಟುಗಳ ಪಟ್ಟಿ, ಅದರೊಳಗೆ ನೋಟಿಫಿಕೇಶನ್. ಪರವಾನಗಿ ಪಡೆದವರ ಸಾಲಿನಲ್ಲಿ ನಾಲ್ಕು ಹೆಸರಿದ್ದವು. ಮೂರು ಬರೀ ಅಕ್ಷರಗಳ ಕಲಸುಮೇಲೋಗರ. ನಾಲ್ಕನೆಯದು ಹಳೆಯ ಫಾಂಟಿನ ಕನ್ನಡ ಅಕ್ಷರಗಳನ್ನು ಈಗ ಎಲ್ಲೆಡೆ ನಡೆಯುವ ಯೂನಿಕೋಡಿಗೆ ಬದಲಿಸಿಕೊಡುತ್ತೇವೆ ಎನ್ನುವ ಒಂದು ತಾಣ.

ಆಕೆಯ ಕೈ ಅಲ್ಲೇ ನಿಂತಿತು. ಮೈಮುನಬಿ ಹೇಳಿಕೊಟ್ಟಿದ್ದಂತೆ ಹಿಂದೆ ನೋಡಿದ ಪುಟಗಳ ಪಟ್ಟಿ ತೆರೆದಳು. ಹೋದ ಶನಿವಾರ, ಸಂಜೆ ನಾಲ್ಕು ಗಂಟೆ ನಲವತ್ತು ನಿಮಿಷ. ಮುದ್ರಣದವರು ಯೂನಿಕೋಡಿನಲ್ಲೇ ಬೇಕು ಎಂದದ್ದಕ್ಕೆ ಆಕೆ ಮೊದಲ ಅಧ್ಯಾಯ ಬದಲಿಸಲು ಹೋದ ದಿನ. ಪಕ್ಕದಲ್ಲಿ ಈಶಪ್ಪನವರು ಓದುತ್ತ ಕುಳಿತಿದ್ದರು. ನೀವು ಯಂತ್ರವಲ್ಲ, ಮನುಷ್ಯರು ಎಂದು ತೋರಿಸಲು ಅಲೌ ಒತ್ತಿ ಎಂದು ಏನೋ ಬಂದಂತೆ ಮಸುಕು ನೆನಪು. ಒತ್ತಿದ್ದು ಮಾತ್ರ ನೆನಪೇ ಇಲ್ಲ. ಕಿವಿ ಅವರ ಓದಿನ ಮೇಲಿತ್ತು, ಕಣ್ಣು ಪರದೆಯ ಮೇಲಿರಲಿಲ್ಲ.

ಆ ಹೊತ್ತಿಗೆ ಗೋಪಾಲಕೃಷ್ಣರು ಕಂಪ್ಯೂಟರಿನ ಹತ್ತಿರ ಬಂದವರೇ ಅಲ್ಲ.

ನಾಲ್ಕೂ ಹೆಸರುಗಳನ್ನು ಒಂದೊಂದಾಗಿ ತೆಗೆದಳು. ಇನ್ನು ಮುಂದೆ ಯಾವ ತಾಣವೂ ಪರವಾನಗಿ ಕೇಳದಂತೆ ಅಲ್ಲಿಯೇ ಬಂದ್ ಮಾಡಿದಳು. ವೈರು ಚುಚ್ಚಿ ಕಾದಳು. ಹತ್ತು ನಿಮಿಷ, ಇಪ್ಪತ್ತು ನಿಮಿಷ, ಒಂದು ತಾಸು. ಚೌಕ ಬರಲಿಲ್ಲ. ಗಂಡ ಬರುವ ದಾರಿ ನೋಡುತ್ತ ಒಳಗೂ ಹೊರಗೂ ಓಡಾಡಿದಳು.

ಅವರು ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿಬಿಟ್ಟಳು. "ಅದು ನಂದ ಕೆಲಸ. ನಾನ ಒತ್ತಿದ್ದೆ, ಶನಿವಾರ. ನಿಮಗ ಸುಮ್ಮ ಸುಮ್ಮನ ಅಂದೆ."

ಗೋಪಾಲಕೃಷ್ಣರು ಕೊಡೆಯನ್ನು ಗೂಟಕ್ಕೆ ಹಾಕಿದರು. "ಚಿತ್ರ ಬಂದದ್ದಕ್ಕ ನನಗ ಸಿಟ್ಟ ಬಂದಿಲ್ಲ, ಇಂದಿರಾ. ನೀ ನನ್ನ ಕೇಳಲಿಲ್ಲ. ನಂದ ತಪ್ಪ ಅಂತ ಹೇಳಿದಿ."

"ಹೌದು."

"ನಿನ್ನ ವೇಗ ಭಾಳ." ಅಷ್ಟು ಹೇಳಿ ಕೈಕಾಲು ತೊಳೆಯಲು ಹೋದರು. ಆ ದಿನ ಅವರು ಚೆಸ್ ಆಡಲಿಲ್ಲ, ಮರುದಿನವೂ ಇಲ್ಲ.

ಶನಿವಾರ ಇಂದಿರಾಬಾಯಿ ಈಶಪ್ಪನವರಿಗೆ ಫೋನ್ ಮಾಡಿ ಏನೂ ಮುಚ್ಚಿಡದೆ ಎಲ್ಲ ಹೇಳಿದಳು.

"ಖರೇ ಹೇಳತೀನ್ರಿ ಬಾಯಾರ. ಹೆಸರಿನ ಕೆಲಸ ಇತ್ತು, ಸುಳ್ಳಲ್ಲ. ಆದ್ರ ನಾನೂ ಮನಸಿನ್ಯಾಗ ರಾಯರ ಮ್ಯಾಲ ಹಂಗ ತಿಳದಿದ್ದೆ. ಅವರ ಮಾರಿ ಹ್ಯಾಂಗ ನೋಡೂದಂತ ಬರಲಿಲ್ಲ."

ಫೋನ್ ಮಾಡದೆ ಸುಮ್ಮನಿದ್ದಿದ್ದರೆ ಆ ಸಂಶಯ ಲಕ್ಕಲಕಟ್ಟಿಯಲ್ಲಿ ಹಾಗೇ ಇದ್ದುಬಿಡುತ್ತಿತ್ತು ಎಂದು ಇಂದಿರಾಬಾಯಿಗೆ ಅನ್ನಿಸಿತು.

ಸೋಮವಾರ ಈಶಪ್ಪನವರು ಒಂದು ಚೀಲ ಹಸಿ ಹೆಸರುಕಾಯಿ ಹಿಡಿದು ಬಂದರು. ಕಂಪ್ಯೂಟರಿನ ಕಡೆ ಹೋಗದೆ ನೇರವಾಗಿ ಗೋಪಾಲಕೃಷ್ಣರ ಹತ್ತಿರ ಕುಳಿತು ಅರ್ಧ ತಾಸು ಮಳೆಯ ಮಾತು, ಹೊಲದ ಮಾತು ಆಡಿದರು. ಬೇರೆ ಯಾವ ಮಾತನ್ನೂ ಎತ್ತಲಿಲ್ಲ. ಗೋಪಾಲಕೃಷ್ಣರೂ ಎತ್ತಲಿಲ್ಲ. ಆಮೇಲೆ ಬಿಳಿಜೋಳದ ಅಧ್ಯಾಯ ನಿಂತಲ್ಲಿಂದ ಮುಂದುವರಿಯಿತು. ಆ ವಾರದ ಕೊನೆಗೆ ಒಂದು ಮಧ್ಯಾಹ್ನ ಇಂದಿರಾಬಾಯಿ ಪಾತ್ರೆ ತೊಳೆದು ಬಂದಾಗ ಗಂಡ ಪರದೆಯ ಮುಂದೆ ಕುಳಿತು ಕುದುರೆ ನಡೆಸುತ್ತಿದ್ದರು.

ಪುಸ್ತಕ ದೀಪಾವಳಿಗೆ ಅಚ್ಚಿಗೆ ಹೋಯಿತು. ಹೇಳಿದ್ದಕ್ಕಿಂತ ಒಂದು ತಿಂಗಳು ತಡ. ಪರದೆಯ ಮೇಲೆ ಏನೇ ಮೂಡಿದರೂ ಇಂದಿರಾಬಾಯಿ ಈಗ ಕೈಯೆತ್ತಿ ಮೊದಲಕ್ಷರದಿಂದ ಕೊನೆಯವರೆಗೆ ಓದುತ್ತಾಳೆ. ಮೊನ್ನೆ ಹಾಗೆಯೇ ಒಂದು ಬಂತು. ಮೂರು ಸಲ ಓದಿದಳು, ಎದ್ದು ನಿಂತಳು, ಮತ್ತೆ ಕುಳಿತಳು, ಕೊನೆಗೆ ಗಂಡನನ್ನು ಕರೆದಳು. ಅವರು ಚಷ್ಮಾ ಏರಿಸಿ ಬಗ್ಗಿ ಓದಿದರು.

"ಇದು ಕಂಪ್ಯೂಟರಿನ ಖರೇ ಅಪ್ಡೇಟ ಅದ. ಒತ್ತು."

"ನೀವ ಒತ್ರಿ," ಎಂದು ಆಕೆ ಕುರ್ಚಿ ಸರಿಸಿ ಅವರಿಗೆ ಜಾಗ ಮಾಡಿದಳು.