ಅವ್ವನ ಕಾರ್ಡಿನ ಬೆನ್ನು

ತಪ್ಪು ನನ್ನದೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಬೇರೆಯವರು ಉಪ್ಪು ಖಾರ ಹಚ್ಚಿ ಹೇಳುತ್ತಾರೆ. ದಸರೆಯಿಂದ ಕೂತು ಅವ್ವ ಕೈಯಾರೆ ಹೊಲಿದ ಕ್ರಿಸ್‌ಮಸ್ ಕಾರ್ಡುಗಳನ್ನು, ಅವಳು ಹತ್ತು ನಿಮಿಷ ಆಚೆ ಹೋಗಿದ್ದಾಗ, ತುಂಬಿದ ಹಾಲ್‌ನಲ್ಲಿ ನಾನು ‘ಮಷೀನ್ ಮಾಲು’ ಎಂದು ಕೂಗಿಬಿಟ್ಟೆ. ತಮಾಷೆಗೆ. ನನ್ನ ಬಾಯಿಂದ ಹೊರಡುವ ಅನಾಹುತಗಳೆಲ್ಲ ತಮಾಷೆಗೇ ಹೊರಡುತ್ತವೆ.

ಕಂಡವರನ್ನೆಲ್ಲ ಅಣಕಿಸುವುದು ನನ್ನ ಹುಟ್ಟುಗುಣ. ಮೇಲಧಿಕಾರಿಯ ಫೋನು ಬಂದರೆ ಅಪ್ಪ ಕುರ್ಚಿಯಿಂದ ಅರ್ಧ ಎದ್ದು, ಪೂರ್ತಿ ಎದ್ದರೆ ಮರ್ಯಾದೆ ಹೋದೀತೆಂದು ಅಲ್ಲೇ ನಿಂತು, ‘ಜೀ ಸರ್, ಬಿಲ್ಕುಲ್ ಸರ್’ ಅನ್ನುವುದನ್ನು ನಾನು ಊಟದ ಹೊತ್ತಿಗೆ ಮಾಡಿ ತೋರಿಸುತ್ತೇನೆ. ನನ್ನನ್ನೂ ಬಿಟ್ಟಿಲ್ಲ. ದಿಲ್ಲಿಯ ಮುಖರ್ಜಿ ನಗರದ ಐಎಎಸ್ ಕೋಚಿಂಗಿಗೆ ಮೂರು ವರ್ಷ ದುಡ್ಡು ಸುರಿದು, ಪ್ರತಿ ಸಲ ಫಲಿತಾಂಶದ ದಿನ ಮನೆಗೆ ಬಂದು ‘ಈ ಸಲ ಪೇಪರ್ ಭಾಳ ಟಫ್ ಇತ್ತವ್ವ’ ಅನ್ನುವ ಒಬ್ಬ ಮಹಾನುಭಾವನಿದ್ದಾನಲ್ಲ, ಅವನ ದನಿಯನ್ನು ನನ್ನಷ್ಟು ಚೆನ್ನಾಗಿ ಯಾರೂ ತೆಗೆಯಲಾರರು. ಅವ್ವ ಇದೆಲ್ಲಕ್ಕೂ ಒಂದೇ ಮಾತು ಇಟ್ಟಿದ್ದಾಳೆ: “ಮಂಗ್ಯಾ.”

ಅವ್ವ ಧಾರವಾಡದವಳು. ಮದುವೆಯಾಗಿ ದಿಲ್ಲಿಯ ಲೋಧಿ ಕಾಲೋನಿಯ ಸರ್ಕಾರಿ ಮನೆಗೆ ಬರುವಾಗ ಕಸೂತಿಯನ್ನು ಬೆರಳಲ್ಲಿ ಇಟ್ಟುಕೊಂಡೇ ಬಂದಳು. ಆದರೆ ಅದು ಮನೆಯ ಹೊಸ್ತಿಲು ದಾಟಿದ್ದಿಲ್ಲ. ದಿಂಬಿನ ಚೀಲದ ಮೇಲೆ ಆನೆ, ಟೀವಿಯ ಹೊದಿಕೆ ಮೇಲೆ ತುಳಸಿಕಟ್ಟೆ, ಅಷ್ಟೇ. ಓಣಿಯ ಪಾಲಿಗೆ ಅವಳು ‘ಊಪರ್‌ವಾಲಿ ಆಂಟಿ’, ಅಂದರೆ ಮೇಲಿನ ಮನೆಯವಳು, ಅಷ್ಟೇ.

ಹಿಂದಿನ ಓಣಿಯಲ್ಲಿ ಮಗಳ ಮನೆಯಲ್ಲಿದ್ದ ಒಬ್ಬ ನಿವೃತ್ತ ಶಿಕ್ಷಕಿಯನ್ನು ನಾವೆಲ್ಲ ಟೀಚರ್ ಅನ್ನುತ್ತಿದ್ದೆವು. ಮಂಗಳೂರು ಕಡೆಯವರು. ಅವರ ಚರ್ಚಿನ ಹೆಂಗಸರು ಪ್ರತಿ ಡಿಸೆಂಬರಿನಲ್ಲಿ ಒಂದು ಹಾಲ್‌ನಲ್ಲಿ ಕೈಕೆಲಸದ ಮಾರಾಟ ಇಡುತ್ತಾರೆ. ಹಿಂದಿನ ವರ್ಷ ಯಾರೋ ಕರೋಲ್ ಬಾಗ್‌ನಿಂದ ಅಂಗಡಿ ಸಾಮಾನು ತಂದು, ಬೆಲೆಯ ಚೀಟಿ ಕಿತ್ತು ‘ನಾನೇ ಮಾಡಿದ್ದು’ ಎಂದು ಇಟ್ಟಿದ್ದರಂತೆ. ಅಂದಿನಿಂದ ಟೀಚರ್ ಪ್ರತಿಯೊಂದನ್ನೂ ಪರೀಕ್ಷೆಯ ಉತ್ತರಪತ್ರಿಕೆಯಂತೆ ನೋಡುತ್ತಿದ್ದರು.

ಈ ಸಲ ಅವ್ವ, ತನಗಾಗಿ ಒಂದು ಲೋಟ ನೀರನ್ನೂ ಕೇಳದವಳು, ತರಕಾರಿ ಗಾಡಿಯ ಹತ್ತಿರ ಟೀಚರನ್ನು ನಿಲ್ಲಿಸಿ ಕೇಳಿಬಿಟ್ಟಳು. “ನಾನೂ ಒಂದು ಟೇಬಲ್ ಹಿಡೀಲೇನ್ರಿ?”

“ಅದಕ್ಕೇನು, ಬನ್ನಿ. ಆದರೆ ಕೈಕೆಲಸವೇ ಆಗಬೇಕು, ಆಯ್ತಾ?” ಎಂದು ಟೀಚರ್ ಚೌಕುಳಿ ಹಾಳೆಯ ಮೇಲಿನ ನಾಲ್ಕು ಮಾದರಿ ಕೊಟ್ಟರು. ನಕ್ಷತ್ರ, ಗಂಟೆ, ಮೇಣದಬತ್ತಿ, ಕ್ರಿಸ್‌ಮಸ್ ಗಿಡ.

ಅವ್ವ ಹಾಳೆಯನ್ನು ಕಿಟಕಿಗೆ ಹಿಡಿದು ನೋಡಿ ನಕ್ಕಳು. “ಇದಕ್ಕ ಕ್ರಾಸ್ ಸ್ಟಿಚ್ ಅಂತಾರೇನು? ಇದು ನಮ್ಮ ಮೆಂತಿ ಹೊಲಿಗಿ ಅಲ್ಲೇನೋ!” ಕಸೂತಿಯಲ್ಲಿ ಮೆಂತ್ಯದ ಕಾಳಿನಂತೆ ಒತ್ತೊತ್ತಾಗಿ ಬೀಳುವ ಗುಣಾಕಾರ ಚಿಹ್ನೆಯ ಹೊಲಿಗೆ ಅದು. ನಕ್ಷತ್ರ ಅವಳಿಗೆ ಹಳೆಯ ಗುರುತು, ಧಾರವಾಡದ ಮಾತಿನಲ್ಲಿ ಚಿಕ್ಕಿ. ಕ್ರಿಸ್‌ಮಸ್ ಗಿಡ ಮಾತ್ರ ಅವಳು ಕಂಡದ್ದಲ್ಲ. ತನಗೆ ಗೊತ್ತಿದ್ದ ಗೋಪುರವನ್ನೇ ಹಸಿರು ದಾರದಲ್ಲಿ ಏರಿಸಿ, ಕಳಸದ ಜಾಗದಲ್ಲಿ ಚಿಕ್ಕಿ ಕೂರಿಸಿದಳು. ಅಷ್ಟು ಚೆಂದದ ಕ್ರಿಸ್‌ಮಸ್ ಗಿಡವನ್ನು ನಾನು ಯಾವ ಮಾಲ್‌ನಲ್ಲೂ ನೋಡಿಲ್ಲ.

ಭಾನುವಾರ ನಾನು ಕೋಚಿಂಗಿನ ರೂಮಿನಿಂದ ಮನೆಗೆ ಬಂದಾಗ, ಬಾಯಿ ಮುಚ್ಚಿಸಲೆಂದೇ ನನ್ನ ಕೈಗೂ ಗಂಟೆಯ ಮಾದರಿ, ಒಂದು ತುಂಡು ಬಟ್ಟೆ ಕೊಟ್ಟಳು. ನಾನು ದಾರದ ತುದಿಗೆ ಗಂಟು ಹಾಕಿದೆ. ಅವಳು ತಲೆ ಎತ್ತದೆಯೇ ಹೇಳಿದಳು, “ಗಂಟು ಹಾಕಿದೇನು? ಬಿಚ್ಚು. ಕಸೂತಿಗೆ ಗಂಟು ಅಂದ್ರ ಅಪಮಾನ.” ದಾರದ ತುದಿಯನ್ನು ಹೊಲಿಗೆಯ ಅಡಿಯಲ್ಲೇ ತೂರಿಸಿ ಮುಗಿಸಬೇಕಂತೆ. ಅವಳು ಆಚೆ ತಿರುಗಿದೊಡನೆ ನಾನು ಮತ್ತೆ ಗಂಟು ಹಾಕಿದೆ. ನನ್ನ ಗಂಟೆ ಮುಂದಿನಿಂದ ಓರೆಯಾದ ಬದನೆಕಾಯಿಯಂತಿತ್ತು, ಹಿಂದಿನಿಂದ ಕರೋಲ್ ಬಾಗ್ ಗಲ್ಲಿಯ ವಿದ್ಯುತ್ ತಂತಿಗಳಂತೆ.

ಹೊಲಿದ ಬಟ್ಟೆಯನ್ನು ನಡುವೆ ಕಿಟಕಿಯಂತೆ ಕೊರೆದ ದಪ್ಪ ಕಾಗದಕ್ಕೆ ಅಂಟಿಸಿದರೆ ಕಾರ್ಡು. ಎಲ್ಲರೂ ಹಿಂದಿನ ಗೋಜಲು ಕಾಣದಿರಲೆಂದು ಬೆನ್ನಿಗೆ ಕಾಗದ ಹಚ್ಚುತ್ತಾರೆ. ಅವ್ವ ಹಚ್ಚಲಿಲ್ಲ. “ಯಾಕ ಮುಚ್ಚಬೇಕು? ಮುಚ್ಚಿಡೂ ಅಂಥಾದ್ದೇನ ಮಾಡೀನಿ?”

ಮಾರಾಟದ ಬೆಳಿಗ್ಗೆ ಮೂವತ್ತು ಕಾರ್ಡು ಜೋಡಿಸಿ, ಕೊನೆಯಲ್ಲಿ ನನ್ನ ಬದನೆಕಾಯಿಯನ್ನೂ ಇಟ್ಟು, ಅವ್ವ ಮರೆತ ಟೇಬಲ್ ಬಟ್ಟೆ ತರಲು ಮನೆಗೆ ಹೋದಳು. ನನಗೆ ಸುಮ್ಮನಿರಲು ಬರುತ್ತದೆಯೇ? ನಮಗೆ ಬಟ್ಟೆ ಕೊಟ್ಟ ಕರೋಲ್ ಬಾಗ್ ಅಂಗಡಿ ಭಯ್ಯಾನ ದನಿ ಎತ್ತಿದೆ. “ಆಯಿಯೇ ಬೆಹೆನ್‌ಜೀ! ಏಕ್‌ದಮ್ ಮಷೀನ್ ಕಾ ಮಾಲ್! ಫಿನಿಶಿಂಗ್ ದೇಖಿಯೇ!” ಪಕ್ಕದ ಕೇಕಿನ ಟೇಬಲ್‌ನವರು ಬಿದ್ದು ಬಿದ್ದು ನಕ್ಕರು. ನನ್ನ ಬೆನ್ನ ಹಿಂದೆ ನಿಂತಿದ್ದ ಟೀಚರ್ ನಗಲಿಲ್ಲ.

ಅವರು ಒಂದು ಕಾರ್ಡು ತಿರುಗಿಸಿದರು. ಗಂಟಿಲ್ಲ, ಅಡ್ಡಾದಿಡ್ಡಿ ಓಡಿದ ಎಳೆಯಿಲ್ಲ, ಬರೀ ಸಾಲಾಗಿ ನಿಂತ ಸಣ್ಣ ಗೆರೆಗಳು. ಇನ್ನೊಂದು ತಿರುಗಿಸಿದರು. ಅದೂ ಹಾಗೇ.

“ಹೌದಲ್ಲ ಮಾರಾಯ, ಮಷೀನಿನದ್ದೇ.”

“ಅಯ್ಯೋ ಟೀಚರ್, ಜೋಕು! ಅವ್ವ ಕೂತು ಮಾಡಿದ್ದು.”

“ಕೈಯಲ್ಲಿ ಮಾಡಿದರೆ ಬೆನ್ನು ಹೀಗೆ ಉಂಟಾ? ನಲವತ್ತು ವರ್ಷ ಮಕ್ಕಳಿಗೆ ಹೊಲಿಗೆ ಕಲಿಸಿದ್ದೇನೆ ನಾನು.” ಆಮೇಲೆ ಅವರ ಕೈಗೆ ನನ್ನ ಗಂಟೆ ಸಿಕ್ಕಿತು. ತಿರುಗಿಸಿದರು. ಮುಖ ಅರಳಿತು. “ಇದು ನೋಡು, ಇದು ಕೈಕೆಲಸ. ಇದು ಇರಲಿ.” ಮೂವತ್ತು ಕಾರ್ಡೂ ಡಬ್ಬಕ್ಕೆ ವಾಪಸಾದವು. ನಾನು ಏನು ಆಣೆ ಹಾಕಿದರೂ ಅವರಿಗೆ ಅದು ಇನ್ನೊಂದು ಅಣಕವಾಗಿಯೇ ಕೇಳುತ್ತಿತ್ತು.

ಅವ್ವ ಬಂದಾಗ ಟೇಬಲ್ ಮೇಲೆ ಇದ್ದದ್ದು ಒಂದೇ ಬದನೆಕಾಯಿ. ನಡೆದದ್ದನ್ನು ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಡಬ್ಬದ ಮುಚ್ಚಳದ ಮೇಲೆ ಒಂದು ಸಲ ಕೈ ಆಡಿಸಿದಳು, ಟೀಚರ ಕಡೆ ತಿರುಗಿ “ಒಂದು ಕುರ್ಚಿ ಕೊಡ್ತೀರೇನ್ರಿ?” ಎಂದಳು.

ಪರ್ಸಿನಿಂದ ಸೂಜಿ, ಕೆಂಪು ದಾರ, ಬಿಳಿ ಬಟ್ಟೆಯ ತುಂಡು ಬಂದವು. ಮಾದರಿ ಹಾಳೆ ಇಲ್ಲ, ಪೆನ್ಸಿಲ್ ಗುರುತಿಲ್ಲ. ಬಟ್ಟೆಯ ನಡುವಿನಿಂದ ಶುರು ಮಾಡಿ ಎಳೆ ಎಣಿಸುತ್ತ ಹೊರಟಳು. ಒಂದು ಸಾಲು ಹೋಗುವಾಗ ಓರೆ, ಬರುವಾಗ ಅದರ ಮೇಲೆ ಇನ್ನೊಂದು ಓರೆ. ಕೇಕಿನವರು ಬಂದರು, ಕೊಳ್ಳಲು ಬಂದವರು ಬಂದರು. ನನಗೆ ಎಲ್ಲರ ದನಿ ಬರುತ್ತದೆ. ಆ ಕೈ ಬರುವುದಿಲ್ಲ. ಕೆಂಪು ಚಿಕ್ಕಿ ಎಂಟು ಮೂಲೆಗೂ ಚಾಚಿ ಮುಗಿದಾಗ ನನ್ನ ಎದೆ ಉಬ್ಬಿದ್ದನ್ನು ಪಕ್ಕದವರು ನೋಡಿರಬೇಕು, ಏಕೆಂದರೆ ಕೇಳದವರಿಗೂ ನಾನು “ನಮ್ಮವ್ವ, ನಮ್ಮವ್ವ” ಎಂದು ಹೇಳುತ್ತಿದ್ದೆ.

ಅವ್ವ ದಾರದ ತುದಿ ತೂರಿಸಿ, ಕತ್ತರಿಸಿ, ಬಟ್ಟೆಯನ್ನು ಬೆನ್ನು ಮೇಲಾಗಿ ಟೀಚರ ಕೈಗಿಟ್ಟಳು.

ಟೀಚರ್ ಹೆಬ್ಬೆರಳಿನಿಂದ ಸವರಿದರು. ಕನ್ನಡಕ ತೆಗೆದು ಸವರಿದರು. ಡಬ್ಬ ತೆರೆದು ಮೂವತ್ತನ್ನೂ ತಾವೇ ಟೇಬಲ್ ಮೇಲೆ ಹರಡಿದರು. ಆದರೆ ತಿರುಗಿಸಿ, ಬೆನ್ನು ಎಲ್ಲರಿಗೂ ಕಾಣುವಂತೆ. ಬಂದವರೆಲ್ಲ ಮೊದಲು ಬೆನ್ನು ನೋಡಿ, ಆಮೇಲೆ ಮುಖ ನೋಡಿದರು.

ಆದರೂ ನಲವತ್ತು ವರ್ಷದ ಟೀಚರಲ್ಲವೇ, ಕೊನೆಯ ಮಾತು ತಮ್ಮದಾಗಬೇಕು. “ಅಲ್ಲ ಮಾರಾಯ್ರೆ, ನಿಮ್ಮ ಸ್ವಂತ ಮಗನೇ ಮಷೀನಿನದ್ದು ಅಂತ ಕೂಗಿದ ಮೇಲೆ ನಾನು ನಂಬದೆ ಏನು ಮಾಡುವುದು?”

ಅವ್ವ ಸೂಜಿಯನ್ನು ದಾರದ ಉಂಡೆಗೆ ಚುಚ್ಚಿಟ್ಟು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೇಳಿದಳು:

“ಇವನನ್ನೂ ನಾನ ಮಾಡೀನ್ರಿ ಟೀಚರ್. ನನ್ನ ಕೈಕೆಲಸದಾಗ ಗಂಟು ಬಿದ್ದದ್ದು ಇದೊಂದರಾಗ ನೋಡ್ರಿ.”